ದ್ರವ್ಯವೇ ಮಾತಾಗುವ ಕಲೆ
ಅನ್ನೂರು ಸೇರಿದ ಕೊಯಮತ್ತೂರು ಸೀಮೆಯಲ್ಲಿ ಕನ್ನಡ ಮನೆಮಾತಿನ ದೇವಾಂಗರಿಗೆ ನೂಲು ಬರಿಯ ಜೀವನೋಪಾಯವಲ್ಲ. ದೇವತೆಗಳಿಗೆ ವಸ್ತ್ರ ನೇಯ್ದ ದೇವಲ ಮುನಿಯಿಂದ ಬಂದ ಕುಲಸ್ಮೃತಿ. ದ್ರವ್ಯವೊಂದು ಹೀಗೆ ಸ್ಮೃತಿಯನ್ನು ಹೊರುವುದನ್ನೇ ಸಮಕಾಲೀನ ದೃಶ್ಯಕಲೆ ಅರ್ಥದ ಮೂಲವಾಗಿಸಿಕೊಂಡಿದೆ.

1957ರಲ್ಲಿ ಭದ್ರಾವತಿಯಲ್ಲಿ ಜನಿಸಿದ ಶೀಲಾ ಗೌಡ ಅವರು ಮೊದಲು ವರ್ಣಚಿತ್ರಕಾರ್ತಿ. 1992ರ ಕೋಮುಹಿಂಸೆಯ ತರುವಾಯ ಅವರು ಸಗಣಿಯನ್ನು ಮಾಧ್ಯಮವಾಗಿ ಆರಿಸಿಕೊಂಡರು. 'ಅವನಿಗೆ ನನ್ನ ನೋವನ್ನು ತಿಳಿಸು' ಎಂಬರ್ಥದ ಆಂಗ್ಲ ಶೀರ್ಷಿಕೆಯುಳ್ಳ 1998ರ ಕೃತಿಯಲ್ಲಿ ಸುದೀರ್ಘವಾದ ನೂಲೆಳೆಗಳನ್ನು ಸೂಜಿಗಳಲ್ಲಿ ಪೋಣಿಸಿ, ಕುಂಕುಮ ಮತ್ತು ಅಂಟು ಲೇಪಿಸಿ ಹಗ್ಗವಾಗಿಸಿದ್ದಾರೆ. ತುದಿಯಲ್ಲಿ ಸೂಜಿಗಳ ಗೊಂಚಲು. ಮಾಂಗಲ್ಯದ ಕೆಂಪೇ ಇಲ್ಲಿ ರಕ್ತವನ್ನೂ, ಹೆಣ್ಣಿನ ಕಾಣದ ದುಡಿಮೆಯನ್ನೂ ಸೂಚಿಸುತ್ತದೆ. ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಇದು ಧ್ವನಿ.

ಅನ್ನೂರಿನ ವಾಯವ್ಯಕ್ಕಿರುವ ನೀಲಗಿರಿಯಲ್ಲಿ, ಕನ್ನಡಕ್ಕೆ ಹತ್ತಿರದ ನುಡಿಯಾಡುವ ಆಲು ಕುರುಂಬರ ಚಿತ್ರಕಾರ ಕೃಷ್ಣನ್ ಅವರು ಹೊನ್ನೆಮರದ ಅಂಟು ಹಾಗೂ ಸೊಪ್ಪಿನ ರಸದಿಂದ ಕಾಡಿನ ಬದುಕನ್ನು ಚಿತ್ರಿಸಿದರು. ಅಲ್ಲಿ ಕಾಡು ಚಿತ್ರದ ವಿಷಯವೂ ಹೌದು, ಬಣ್ಣವೂ ಹೌದು. ಕಾಡು ಅಳಿದರೆ ಎರಡೂ ಅಳಿಯುತ್ತವೆ.

ಆದುದರಿಂದ ಇಂಥ ಕೃತಿಯ ಮುಂದೆ ನಿಂತ ಸಹೃದಯನು ಏನನ್ನು ಚಿತ್ರಿಸಿದೆ ಎಂದು ಕೇಳುವ ಮೊದಲು ಯಾವುದರಿಂದ ಆಗಿದೆ ಎಂದು ಕೇಳಬೇಕು. ಲಿಪಿಗೆ ಬಾರದ ಪರಂಪರೆಯೂ ಕೈಯ ಕಸುಬಿನಲ್ಲಿ ಉಳಿದಿರುತ್ತದೆ.