ಎಂಟರ ಲೆಕ್ಕ ತಪ್ಪಲಿಲ್ಲ

ನೌನ್, ಪ್ರೊನೌನ್, ವರ್ಬ್, ಅಡ್ಜೆಕ್ಟಿವ್, ಅಡ್ವರ್ಬ್, ಪ್ರಿಪೊಸಿಷನ್, ಕಂಜಂಕ್ಷನ್, ಇಂಟರ್‌ಜೆಕ್ಷನ್. ಕನ್ನಡ ಶಾಲೆಯಲ್ಲಿ ಓದಿ ಇಂಗ್ಲಿಷ್ ಕಲಿತವರಿಗೂ ಈ ಪಟ್ಟಿ ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಬಾಯಿಗೆ ಬರುತ್ತದೆ. ಪಾರ್ಟ್ಸ್ ಆಫ್ ಸ್ಪೀಚ್ ಎಷ್ಟು? ಎಂಟು. ಏಳು ಯಾಕಲ್ಲ, ಹತ್ತು ಯಾಕಲ್ಲ ಎಂದು ಕೇಳುವ ಧೈರ್ಯ ತರಗತಿಯಲ್ಲಿ ಯಾರಿಗೂ ಇರುವುದಿಲ್ಲ. ಕೇಳಿದ್ದರೂ ಮೇಷ್ಟ್ರು ಪುಸ್ತಕದಲ್ಲಿ ಹಾಗಿದೆ ಎನ್ನುತ್ತಿದ್ದರು. ಅವರು ಹೇಳುವುದು ಸುಳ್ಳೇನಲ್ಲ. ಪುಸ್ತಕದಲ್ಲಿ ಹಾಗೇ ಇದೆ, ಎರಡು ಸಾವಿರ ವರ್ಷಗಳಿಂದ ಇದೆ. ಆದರೆ ಆ ಮೊದಲ ಪುಸ್ತಕ ಇಂಗ್ಲಿಷಿನದಲ್ಲ. ಅದು ಬರೆಯುವಾಗ ಇಂಗ್ಲಿಷ್ ಎಂಬ ಭಾಷೆಯೇ ಇನ್ನೂ ಹುಟ್ಟಿರಲಿಲ್ಲ.

ಮಾತನ್ನು ಬಿಡಿಸಿ ನೋಡುವ ಕೆಲಸ ಗ್ರೀಸಿನಲ್ಲಿ ತತ್ವಜ್ಞಾನಿಗಳಿಂದ ಶುರುವಾಯಿತು. ಪ್ಲೇಟೋಗೆ ಎರಡೇ ಭಾಗ ಸಾಕಾಗಿತ್ತು: ಯಾರ ಬಗ್ಗೆ ಹೇಳುತ್ತಿದ್ದೇವೆ ಅನ್ನುವುದೊಂದು, ಏನು ಹೇಳುತ್ತಿದ್ದೇವೆ ಅನ್ನುವುದೊಂದು. ಅರಿಸ್ಟಾಟಲ್ ಮತ್ತು ಅವನ ನಂತರದ ಸ್ಟೋಯಿಕ್ ಪಂಥದವರು ಇನ್ನಷ್ಟು ಸೇರಿಸಿದರು. ನಮ್ಮಲ್ಲಿ ಯಾಸ್ಕ ನಾಮ, ಆಖ್ಯಾತ, ಉಪಸರ್ಗ, ನಿಪಾತ ಎಂದು ನಾಲ್ಕಕ್ಕೆ ನಿಲ್ಲಿಸಿದ್ದ. ಎಂಟರ ಪಟ್ಟಿ ಮಾತ್ರ ಗಟ್ಟಿಯಾದದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ವಿದ್ವಾಂಸರ ಕೈಯಲ್ಲಿ.

ಅಲ್ಲಿನ ಹೆಸರಾಂತ ಗ್ರಂಥಾಲಯದವರಿಗೆ ಒಂದು ತಲೆನೋವಿತ್ತು. ಹೋಮರನ ಕಾವ್ಯದ ಗ್ರೀಕ್ ಭಾಷೆ ಆ ಹೊತ್ತಿಗಾಗಲೇ ಹಳತಾಗಿತ್ತು. ಪ್ರತಿಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಯಾವ ಪಾಠ ಸರಿ ಎಂದು ತೀರ್ಮಾನಿಸಬೇಕಾದರೆ ಪದದ ರೂಪ ಗೊತ್ತಿರಬೇಕು. ಅಲ್ಲಿನ ವಿದ್ವಾಂಸ ಅರಿಸ್ಟಾರ್ಕಸ್‌ನ ಶಿಷ್ಯನಾಗಿದ್ದ ಡಯನೀಸಿಯಸ್ ಥ್ರಾಕ್ಸ್‌ನ ಹೆಸರಿನಲ್ಲಿ, ಕ್ರಿಸ್ತಪೂರ್ವ 100ರ ಸುಮಾರಿನದೆನ್ನುವ ಒಂದು ಚಿಕ್ಕ ಕೈಪಿಡಿ ಉಳಿದುಬಂದಿದೆ. ಅದರ ಎಲ್ಲ ಭಾಗವೂ ಅವನದೇ ಹೌದೋ ಅಲ್ಲವೋ ಎಂದು ಪಂಡಿತರು ಇವತ್ತಿಗೂ ಜಗಳವಾಡುತ್ತಾರೆ. ವ್ಯಾಕರಣವೆಂದರೆ ಕವಿಗಳೂ ಗದ್ಯಕಾರರೂ ಬಳಸಿದ ಭಾಷೆಯ ಬಳಕೆಯ ತಿಳಿವಳಿಕೆ ಎಂದು ಅದು ಶುರುವಾಗುತ್ತದೆ. ಕಾವ್ಯದ ಬೆಲೆ ಕಟ್ಟುವುದೇ ಅದರ ಶ್ರೇಷ್ಠ ಭಾಗ ಎನ್ನುತ್ತದೆ. ಮಾತಾಡಲು ಕಲಿಸುವ ಪುಸ್ತಕ ಅದಾಗಿರಲಿಲ್ಲ, ಓದಲು ಕಲಿಸುವ ಪುಸ್ತಕ.

ಆ ಪಟ್ಟಿಯ ಎಂಟು ಇವು: ನಾಮಪದ, ಕ್ರಿಯಾಪದ, ಕೃದಂತ, ಆರ್ಟಿಕಲ್, ಸರ್ವನಾಮ, ಪ್ರಿಪೊಸಿಷನ್, ಕ್ರಿಯಾವಿಶೇಷಣ, ಕಂಜಂಕ್ಷನ್. ಅಡ್ಜೆಕ್ಟಿವ್ ಇಲ್ಲ, ಇಂಟರ್‌ಜೆಕ್ಷನ್ ಇಲ್ಲ. ನಾವು ಹೇಳುವ ಪಟ್ಟಿಯಲ್ಲಿಲ್ಲದ ಎರಡು ಮಾತ್ರ ಒಳಗಿವೆ. ಎಂಟು ಸೀಟಿನ ಟೆಂಪೊದಲ್ಲಿ ಒಬ್ಬರು ಇಳಿದರೆ ಇನ್ನೊಬ್ಬರು ಹತ್ತುವ ಹಾಗೆ, ಮುಂದಿನ ಶತಮಾನಗಳಲ್ಲಿ ಆಸಾಮಿಗಳು ಬದಲಾದರು. ಸೀಟಿನ ಲೆಕ್ಕ ಬದಲಾಗಲಿಲ್ಲ.

ಅಡ್ಜೆಕ್ಟಿವ್ ಯಾಕಿರಲಿಲ್ಲ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಗ್ರೀಕಿನಲ್ಲೂ ಲ್ಯಾಟಿನ್ನಿನಲ್ಲೂ ‘ಒಳ್ಳೆಯ’ ಎಂಬ ಪದ ‘ಹುಡುಗ’ ಎಂಬ ಪದದ ಹಾಗೆಯೇ ಲಿಂಗ, ವಚನ, ವಿಭಕ್ತಿಗೆ ತಕ್ಕಂತೆ ರೂಪ ಬದಲಿಸುತ್ತದೆ. ಬಾಲ ನೋಡಿ ಜಾತಿ ಹೇಳುವ ಪದ್ಧತಿಯಲ್ಲಿ ಎರಡಕ್ಕೂ ಒಂದೇ ಬಾಲ, ಆದ್ದರಿಂದ ಒಂದೇ ಜಾತಿ. ಕೃದಂತದ ಕಥೆ ಇದಕ್ಕೆ ತಿರುಗುಮುರುಗು. ಅದು ನಾಮಪದದಂತೆ ವಿಭಕ್ತಿಯನ್ನೂ ಹಚ್ಚಿಕೊಳ್ಳುತ್ತದೆ, ಕ್ರಿಯಾಪದದಂತೆ ಕಾಲವನ್ನೂ ತೋರಿಸುತ್ತದೆ. ಎರಡು ಮನೆಗೂ ಸಲ್ಲುವವನಿಗೆ ಬೇರೆಯೇ ಮನೆ ಕಟ್ಟಿಕೊಟ್ಟರು.

ಪಟ್ಟಿ ರೋಮಿಗೆ ಹೋದಾಗ ಪೇಚಾಯಿತು. ಲ್ಯಾಟಿನ್ನಿನಲ್ಲಿ ಆರ್ಟಿಕಲ್ಲೇ ಇಲ್ಲ. ಏಳಕ್ಕೆ ತೃಪ್ತಿಪಡಬಹುದಿತ್ತು, ಪಡಲಿಲ್ಲ. ಅಯ್ಯೋ, ಅಬ್ಬಾ ಎಂಬಂಥ ಪದಗಳನ್ನು ಗ್ರೀಕರು ಕ್ರಿಯಾವಿಶೇಷಣಗಳ ಜೊತೆ ಸೇರಿಸಿದ್ದರು. ರೋಮನ್ನರು ಅವನ್ನು ಹೊರತೆಗೆದು ಖಾಲಿ ಜಾಗದಲ್ಲಿ ಕೂರಿಸಿದರು. ಇಂಟರ್‌ಜೆಕ್ಷನ್‌ಗೆ ಲಕ್ಷಣ ಬರೆದವರಲ್ಲಿ ನಮಗೆ ಗೊತ್ತಿರುವ ಮೊದಲಿಗರಲ್ಲೊಬ್ಬ ಒಂದನೇ ಶತಮಾನದ ರೆಮ್ಮಿಯಸ್ ಪಲೇಮನ್. ಇವನ ಕಥೆಯೇ ಒಂದು ಕಾದಂಬರಿ. ಹುಟ್ಟಿದ್ದು ಗುಲಾಮನಾಗಿ, ಮೊದಲು ಕಲಿತದ್ದು ನೇಯ್ಗೆ. ಒಡತಿಯ ಮಗನನ್ನು ಶಾಲೆಗೆ ಬಿಟ್ಟು ಬರುತ್ತ ಬರುತ್ತ ತಾನೇ ಅಕ್ಷರ ಕಲಿತನೆಂದು ರೋಮಿನ ಲೇಖಕ ಸ್ವೆಟೋನಿಯಸ್ ಬರೆದಿದ್ದಾನೆ. ಬಿಡುಗಡೆಯಾದ ಮೇಲೆ ರೋಮಿನ ಅತಿ ಹೆಸರುವಾಸಿ ವ್ಯಾಕರಣದ ಮೇಷ್ಟ್ರಾದ. ಅವನ ಸೊಕ್ಕೂ ಅಷ್ಟೇ ಹೆಸರುವಾಸಿಯಾಗಿತ್ತು.

ಇಂಗ್ಲಿಷ್ ಪಾಠದ ಪ್ರಶ್ನೋತ್ತರದ ಧಾಟಿ ಬಂದದ್ದು ನಾಲ್ಕನೇ ಶತಮಾನದ ಡೊನೇಟಸ್‌ನಿಂದ. ಬೈಬಲನ್ನು ಲ್ಯಾಟಿನ್‌ಗೆ ತಂದ ಸಂತ ಜೆರೋಮನಿಗೆ ಇವನೇ ಗುರು. ಡೊನೇಟಸ್‌ನ ಚಿಕ್ಕ ವ್ಯಾಕರಣ ನೇರವಾಗಿ ಮಾತಿನ ಭಾಗಗಳೆಷ್ಟು ಎಂದು ಕೇಳಿಯೇ ಶುರುವಾಗುತ್ತದೆ, ಉತ್ತರವೂ ಅಲ್ಲೇ. ಸುಮಾರು 500ರ ಹೊತ್ತಿಗೆ ಕಾನ್‌ಸ್ಟಾಂಟಿನೋಪಲ್ಲಿನಲ್ಲಿದ್ದ ಪ್ರಿಶಿಯನ್ ಇದನ್ನು ಇನ್ನೂ ಮುಂದೆ ಒಯ್ದ. ವರ್ಜಿಲನ ಮಹಾಕಾವ್ಯದ ಹನ್ನೆರಡು ಕಾಂಡಗಳ ಮೊದಲ ಸಾಲನ್ನಷ್ಟೇ ಎತ್ತಿಕೊಂಡು ಪದಪದವನ್ನೂ ತಡವಿದ: ಇದು ಯಾವ ಭಾಗ? ಯಾವ ಲಿಂಗ? ಯಾವ ವಿಭಕ್ತಿ? ಇದರಿಂದ ಹುಟ್ಟುವ ಪದಗಳು ಯಾವುವು? ಹನ್ನೆರಡು ಸಾಲಿಗೆ ಒಂದು ಇಡೀ ಪುಸ್ತಕವಾಯಿತು. ‘ಅಂಡರ್‌ಲೈನ್ ಮಾಡಿದ ಪದ ಯಾವ ಪಾರ್ಟ್ ಆಫ್ ಸ್ಪೀಚ್’ ಎಂಬ ನಮ್ಮ ಪರೀಕ್ಷೆಯ ಎರಡು ಮಾರ್ಕಿನ ಪ್ರಶ್ನೆಗೆ ಇವನು ಮುತ್ತಾತ.

ಇಂಗ್ಲೆಂಡಿನಲ್ಲಿ ಸಾವಿರ ವರ್ಷ ವ್ಯಾಕರಣವೆಂದರೆ ಲ್ಯಾಟಿನ್ ವ್ಯಾಕರಣವೇ. ಇಂಗ್ಲಿಷಿಗೂ ವ್ಯಾಕರಣವಿದೆ ಎಂದು 1586ರಲ್ಲಿ ವಿಲಿಯಂ ಬುಲ್ಲೊಕರ್ ಪುಸ್ತಕ ಅಚ್ಚುಹಾಕಿದಾಗ, ಶಾಲೆಗಳಲ್ಲಿದ್ದ ವಿಲಿಯಂ ಲಿಲಿಯ ಲ್ಯಾಟಿನ್ ವ್ಯಾಕರಣದ ಎಂಟು ಖಾನೆಗಳಿಗೇ ಇಂಗ್ಲಿಷನ್ನು ತುರುಕಿದ. ಇಂಗ್ಲಿಷಿನಲ್ಲಿ ಆರ್ಟಿಕಲ್ ಇದೆಯಲ್ಲ ಎಂದು ನಾಟಕಕಾರ ಬೆನ್ ಜಾನ್ಸನ್ ಒಂಬತ್ತನೆಯ ಭಾಗ ಸೇರಿಸಿದ. ಅವನ ವ್ಯಾಕರಣ ಅವನು ಸತ್ತ ಮೇಲೆ, 1640ರಲ್ಲಿ ಹೊರಬಂತು. ಆಮೇಲಂತೂ ಹೇಳತೀರದು. 1800ರೊಳಗೆ ಬಂದ ಇಂಗ್ಲಿಷ್ ವ್ಯಾಕರಣಗಳಲ್ಲಿ 50ಕ್ಕೂ ಹೆಚ್ಚು ಬಗೆಯ ವಿಂಗಡಣೆಗಳಿವೆ. ಯಾರಿಗೂ ಹೊಂದಿಸಲು ಬರುತ್ತಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ತೊಡಕು ಇದ್ದದ್ದು ಬಾಲದಲ್ಲಿ. ಹಳೆಯ ಇಂಗ್ಲಿಷಿಗೆ ವಿಭಕ್ತಿಯ ಬಾಲಗಳಿದ್ದವು. ಶತಮಾನಗಳಲ್ಲಿ ಅವು ಸವೆದುಹೋದವು. ಈಗ ಪದವನ್ನು ಮಾತ್ರ ನೋಡಿದರೆ ಅದರ ಕೆಲಸ ಗೊತ್ತಾಗುವುದಿಲ್ಲ. ‘ವೆಲ್’ ಅನ್ನೇ ತೆಗೆದುಕೊಳ್ಳಿ. ‘ದ ವೆಲ್ ಈಸ್ ಡೀಪ್’ ಎಂದರೆ ಬಾವಿ, ನೌನ್. ‘ಶಿ ಸಿಂಗ್ಸ್ ವೆಲ್’ ಎಂದರೆ ಅಡ್ವರ್ಬ್. ‘ಐ ಆ್ಯಮ್ ವೆಲ್’ ಎಂದರೆ ಅಡ್ಜೆಕ್ಟಿವ್. ‘ಟಿಯರ್ಸ್ ವೆಲ್ ಅಪ್’ ಎಂದರೆ ಕಣ್ಣೀರು ಉಕ್ಕುವುದು, ವರ್ಬ್. ‘ವೆಲ್, ಲೆಟ್ ಅಸ್ ಗೋ’ ಎಂದರೆ ಇಂಟರ್‌ಜೆಕ್ಷನ್. ನಾಲ್ಕಕ್ಷರದ ಒಂದೇ ಸ್ಪೆಲಿಂಗ್ ಐದು ಖಾನೆಯಲ್ಲಿ ಕೂರುತ್ತದೆ. ಯಾವುದರಲ್ಲಿ ಎಂದು ಹೇಳುವುದು ವಾಕ್ಯದಲ್ಲಿ ಅದು ನಿಂತ ಜಾಗ. ಮರ, ಮರವನ್ನು, ಮರಕ್ಕೆ, ಮರದಲ್ಲಿ ಎಂದು ಬಾಲ ಹಿಡಿದು ನಡೆಯುವ ಕನ್ನಡದ ಹುಡುಗಿ ಈ ವಿಷಯದಲ್ಲಿ ಲಂಡನ್ನಿನ ಹುಡುಗಿಗಿಂತ ರೋಮಿನ ಹುಡುಗಿಗೆ ಹತ್ತಿರದವಳು. ಅವಳು ಎಡವುವುದೂ ಇಲ್ಲೇ. ಪದದ ಅರ್ಥ ಉರುಹೊಡೆದು ಅದಕ್ಕೊಂದು ಖಾಯಂ ಹೆಸರು ಅಂಟಿಸಿಕೊಂಡಿರುತ್ತಾಳೆ, ವಾಕ್ಯ ಅದನ್ನು ಕಿತ್ತುಹಾಕುತ್ತದೆ.

ಅಡ್ಜೆಕ್ಟಿವ್‌ಗೆ ಮೋಕ್ಷ ಸಿಕ್ಕಿದ್ದೂ ಬಾಲ ಸವೆದದ್ದರಿಂದಲೇ. ‘ಬಾಯ್’ ಹೋಗಿ ‘ಬಾಯ್ಸ್’ ಆದರೂ ‘ಗುಡ್’ ಹಾಗೇ ಉಳಿಯುವ ಭಾಷೆಯಲ್ಲಿ ಎರಡನ್ನೂ ಒಂದೇ ಜಾತಿ ಎನ್ನುವುದು ಹೇಗೆ? ಇಂದಿನ ಎಂಟರ ಪಟ್ಟಿ 1761ರಲ್ಲಿ ಜೋಸೆಫ್ ಪ್ರೀಸ್ಟ್‌ಲಿಯ ಪುಸ್ತಕದಲ್ಲಿ ಅಚ್ಚುಕಟ್ಟಾಗಿ ಕಾಣಿಸುತ್ತದೆ: ಕೃದಂತ ಹೊರಗೆ, ಅಡ್ಜೆಕ್ಟಿವ್ ಒಳಗೆ. ಹೌದು, ವಿಜ್ಞಾನದ ಪಾಠದಲ್ಲಿ ಆಮ್ಲಜನಕದ ಜೊತೆ ಬರುವ ಅದೇ ಪ್ರೀಸ್ಟ್‌ಲಿ. ಅದನ್ನು ಕಂಡುಹಿಡಿಯುವ ಹದಿಮೂರು ವರ್ಷ ಮೊದಲೇ ಅವನು ವ್ಯಾಕರಣದ ಲೆಕ್ಕ ಮುಗಿಸಿದ್ದ. ಆ ಪುಸ್ತಕದ ಮರುವರ್ಷವೇ ರಾಬರ್ಟ್ ಲೌತ್, ಮುಂದೆ ಅಮೆರಿಕದಿಂದ ಬಂದು ಯಾರ್ಕ್‌ನಲ್ಲಿ ನೆಲೆಸಿದ್ದ ಲಿಂಡ್ಲಿ ಮರ್ರಿ 1795ರಲ್ಲಿ, ಆರ್ಟಿಕಲ್ ಸೇರಿಸಿ ಒಂಬತ್ತು ಎಂದರು. ಮರ್ರಿ ಬರೆದದ್ದು ಊರಿನ ಕ್ವೇಕರ್ ಹೆಣ್ಣುಮಕ್ಕಳ ಶಾಲೆಗೆಂದು. ಪುಸ್ತಕ ಲಕ್ಷಗಟ್ಟಲೆ ಖರ್ಚಾಯಿತು. ಅಷ್ಟು ಮಾರಿದರೂ ಕೊನೆಗೆ ಗೆದ್ದದ್ದು ಎಂಟೇ.

ಭಾರತಕ್ಕೆ ಆ ಎಂಟು ಬಂದದ್ದು ಶಾಲಾಪುಸ್ತಕಗಳ ಮೂಲಕ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ನೆಸ್‌ಫೀಲ್ಡ್, ಆಮೇಲೆ 1930ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್. ಈ ಪಿ.ಸಿ. ರೆನ್ ಇಲ್ಲಿನ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದವ. ಹೊರಗೆ ಹೆಸರಾದದ್ದು ಮಾತ್ರ ಫ್ರೆಂಚ್ ಫಾರಿನ್ ಲೀಜನ್ನಿನ ಸಾಹಸದ ‘ಬೋ ಜೆಸ್ಟ್’ ಎಂಬ ಕಾದಂಬರಿಯಿಂದ. ಆ ಕಾದಂಬರಿಯನ್ನು ಇಲ್ಲಿ ಓದಿದವರು ವಿರಳ, ಅವನ ವ್ಯಾಕರಣವನ್ನು ತಿರುವಿ ಹಾಕದವರು ಇನ್ನೂ ವಿರಳ.

ಕನ್ನಡಕ್ಕೂ ಇಂಥದೇ ಇಕ್ಕಟ್ಟಿತ್ತು. ಕೇಶಿರಾಜ ಹದಿಮೂರನೇ ಶತಮಾನದಲ್ಲಿ ಕನ್ನಡದ ವ್ಯಾಕರಣ ಕಟ್ಟಿದಾಗ ಮುಂದಿಟ್ಟುಕೊಂಡದ್ದು ಸಂಸ್ಕೃತದ ಮಾದರಿ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ.ಎನ್. ಶಂಕರ ಬಟ್ ವಾದಿಸಿದ್ದು ಆ ಹಳೆಯ ಚೌಕಟ್ಟಿನ ವಿರುದ್ಧವೇ. ಗುಣವಾಚಕ, ಅಂದರೆ ಅಡ್ಜೆಕ್ಟಿವ್, ಎಂಬ ವರ್ಗ ಎಲ್ಲ ಭಾಷೆಗಳಿಗೂ ಒಂದೇ ರೀತಿ ಅನ್ವಯಿಸುವುದಿಲ್ಲವೆಂದು ಅವರು 1994ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದರು. ಎಲ್ಲ ಭಾಷೆಯ ಮೇಲೂ ಒಂದೇ ಪಟ್ಟಿ ಹೊರಿಸುವವರು ಅದನ್ನು ಓದಬೇಕು.

ಇಂಗ್ಲಿಷಿನ ಪಂಡಿತರೂ ಪಟ್ಟಿಯನ್ನು ಒಡೆದುಹಾಕಿ ಬಹಳ ಕಾಲವಾಯಿತು. ಅಮೆರಿಕದ ಚಾರ್ಲ್ಸ್ ಫ್ರೈಸ್ ಧ್ವನಿಮುದ್ರಿಸಿದ ಟೆಲಿಫೋನ್ ಮಾತುಕತೆಗಳನ್ನು ಆಧರಿಸಿ 1952ರಲ್ಲಿ ಪುಸ್ತಕ ಬರೆದ. ಹಳೆಯ ಹೆಸರುಗಳನ್ನೇ ಕೈಬಿಟ್ಟು ನಾಲ್ಕು ವರ್ಗ, ಹದಿನೈದು ಗುಂಪು ಮಾಡಿದ. ಮೇಷ್ಟ್ರುಗಳು ಅತ್ತ ತಿರುಗಿಯೂ ನೋಡಲಿಲ್ಲ. 2002ರಲ್ಲಿ ಬಂದ ಕೇಂಬ್ರಿಡ್ಜಿನ ಬೃಹತ್ ವ್ಯಾಕರಣ ಪ್ರೊನೌನನ್ನು ನೌನಿನ ಒಳಗೇ ಸೇರಿಸಿ, ಕಂಜಂಕ್ಷನ್ನನ್ನು ಎರಡಾಗಿ ಸೀಳಿ, ‘ದ’, ‘ದಿಸ್’, ‘ಸಮ್’ ಇಂಥವಕ್ಕೆ ಬೇರೆ ವರ್ಗ ಮಾಡಿ ಒಂಬತ್ತಕ್ಕೆ ನಿಲ್ಲಿಸಿತು.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇದು ಬರೀ ಪಂಡಿತರ ಹರಟೆಯಾಗಿ ಉಳಿದಿಲ್ಲ. ‘ಮೈ ಬುಕ್’ನಲ್ಲಿ ‘ಮೈ’ ಯಾವ ಪಾರ್ಟ್ ಆಫ್ ಸ್ಪೀಚ್? ರೆನ್ ಮತ್ತು ಮಾರ್ಟಿನ್ ತೆರೆದರೆ ಅಡ್ಜೆಕ್ಟಿವ್. ಕಲಿಯುವವರಿಗೆಂದೇ ಆಕ್ಸ್‌ಫರ್ಡ್ ಹೊರತಂದ ನಿಘಂಟು ತೆರೆದರೆ ಡಿಟರ್ಮಿನರ್, ಅಂದರೆ ‘ದ’, ‘ದಿಸ್’ಗಳ ಸಾಲಿನದು. ಕೇಂಬ್ರಿಡ್ಜಿನವರನ್ನು ಕೇಳಿದರೆ ಪ್ರೊನೌನ್. ಯಾವುದಕ್ಕೆ ಟಿಕ್ ಹಾಕಬೇಕೆಂಬುದು ಪ್ರಶ್ನೆಪತ್ರಿಕೆ ತೆಗೆದವರ ಕಪಾಟಿನಲ್ಲಿ ಯಾವ ಪುಸ್ತಕವಿದೆ ಅನ್ನುವುದರ ಮೇಲಿದೆ.