ನಿಮ್ಮ ‘ಒಳ್ಳೆ ಬಂಕಿ’ಗೆ ಪೆಟ್ರೋಲ್ ಎಲ್ಲಿಂದ ಬರುತ್ತದೆ?

ಗಾಡಿ ಇಟ್ಟುಕೊಂಡ ಪ್ರತಿಯೊಬ್ಬರಿಗೂ ಮನೆದೇವರಿದ್ದ ಹಾಗೆ ಒಂದು ಪೆಟ್ರೋಲ್ ಬಂಕು ಇದ್ದೇ ಇರುತ್ತದೆ. ‘ಬೇರೆ ಕಂಪನಿ ಪೆಟ್ರೋಲು ನನ್ನ ಗಾಡಿಗೆ ಆಗಿಬರಲ್ಲ, ಪಿಕಪ್ಪೇ ಹೊರಟುಹೋಗುತ್ತೆ’ ಎನ್ನುತ್ತಾರೆ. ‘ಅಲ್ಲಿ ಹಾಕಿಸಿ ನೋಡಿ, ಲೀಟರಿಗೆ ನಾಲ್ಕು ಕಿಲೋಮೀಟರ್ ಜಾಸ್ತಿ’ ಎಂದು ಪ್ರಮಾಣ ಮಾಡುತ್ತಾರೆ. ಇಂಡಿಯನ್ ಆಯಿಲ್ ಪಂಗಡ, ಎಚ್‌ಪಿ ಪಂಗಡ, ಭಾರತ್ ಪೆಟ್ರೋಲಿಯಂ ಪಂಗಡ ಎಂದು ಮೂರಾಗಿ, ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಈ ಜಗಳ ನಡೆಯುವುದುಂಟು.

ಜಗಳವಾಡುವವರು ಒಮ್ಮೆ ಮಂಗಳೂರಿನ ಕಡೆ ನೋಡಬೇಕು. ಕರ್ನಾಟಕದಲ್ಲಿರುವ ತೈಲ ಶುದ್ಧೀಕರಣಾಗಾರ ಒಂದೇ ಒಂದು, ಎಂಆರ್‌ಪಿಎಲ್. ಅಲ್ಲಿಂದ ಹೊರಟ ಸುಮಾರು 360 ಕಿಲೋಮೀಟರ್ ಉದ್ದದ ಕೊಳವೆ ಹಾಸನದ ಮೇಲೆ ಹಾದು ಹೊಸಕೋಟೆ ಬಳಿಯ ದೇವನಗೊಂದಿಗೆ ಬಂದು ಮುಟ್ಟುತ್ತದೆ. ಅದರಲ್ಲಿ ಮೂರೂ ಕಂಪನಿಗಳ ಸರಕು ಹರಿಯುತ್ತದೆ. ಒಂದು ಕಂಪನಿಯ ಶುದ್ಧೀಕರಣಾಗಾರ ಹತ್ತಿರದಲ್ಲಿಲ್ಲದ ಕಡೆ ಅದು ಇನ್ನೊಂದು ಕಂಪನಿಯಿಂದ ಪೆಟ್ರೋಲ್ ಪಡೆದು ತನ್ನ ಹೆಸರಿನಲ್ಲಿ ಮಾರುವುದು ಈ ವ್ಯಾಪಾರದಲ್ಲಿ ದಿನನಿತ್ಯದ ವ್ಯವಹಾರ. ದೂರದೂರಿಂದ ಲಾರಿಯಲ್ಲಿ ತಂದು ಸಾಗಣೆ ವೆಚ್ಚ ಹೊರಲು ಅವರೇನು ದಡ್ಡರೆ? ಟ್ಯಾಂಕರಿನ ಮೇಲಿನ ಬಣ್ಣ ಬೇರೆ, ಒಳಗಿನದು ಬಹಳ ಸಲ ಒಂದೇ ಕಡೆಯದು.

ಬೇರೆ ಬೇರೆ ಕಡೆಯಿಂದ ಬಂದರೂ ಎಲ್ಲರಿಗೂ ಒಂದೇ ಮಾನದಂಡ. 2020ರ ಏಪ್ರಿಲ್ 1ರಿಂದ ಇಡೀ ದೇಶದಲ್ಲಿ ಬಿಎಸ್‌-6 ಇಂಧನವನ್ನೇ ಮಾರಬೇಕು. ಅದರಲ್ಲಿ ಗಂಧಕ ಹತ್ತು ಲಕ್ಷ ಭಾಗಕ್ಕೆ 10 ಭಾಗ ಮೀರುವಂತಿಲ್ಲ.

ಹಾಗಾದರೆ ಆ ನಾಲ್ಕು ಕಿಲೋಮೀಟರ್ ಎಲ್ಲಿಂದ ಬಂತು? ಲೆಕ್ಕ ಹಾಕುವ ರೀತಿಯಿಂದ. ಬೈಕಿನ ಟ್ಯಾಂಕ್ ಫುಲ್ ಮಾಡಿಸಿ 250 ಕಿಲೋಮೀಟರ್ ಓಡಿಸಿ ಮತ್ತೆ ಫುಲ್ ಮಾಡಿಸಿದಿರಿ ಎನ್ನಿ. ಒಂದು ಬಂಕಿನಲ್ಲಿ ನಳಿಕೆ ಬೇಗ ನಿಂತು 4.8 ಲೀಟರ್ ಹಿಡಿಯಿತು. ಇನ್ನೊಂದರಲ್ಲಿ ಹುಡುಗ ಅಂಚಿನವರೆಗೂ ಸುರಿದು 5.2 ಲೀಟರ್ ಆಯಿತು. ಮೊದಲನೆಯದರಲ್ಲಿ ಮೈಲೇಜು 52, ಎರಡನೆಯದರಲ್ಲಿ 48. ಪೆಟ್ರೋಲ್ ಬದಲಾಗಲೇ ಇಲ್ಲ, ನಾಲ್ಕು ಕಿಲೋಮೀಟರ್ ಮಾತ್ರ ಸಿದ್ಧ! ಟೈರಿನ ಗಾಳಿ, ಸಿಗ್ನಲ್, ಹಿಂದಿನ ಸೀಟಿನಲ್ಲಿ ಕೂತವರ ತೂಕ ಇವನ್ನೆಲ್ಲ ನಾನಿನ್ನೂ ಎತ್ತಿಲ್ಲ.

ಮೈಲೇಜು ನಿಜವಾಗಿ ಇಳಿಯಲು ಒಂದು ಕಾರಣವಿದೆ, ಅದಕ್ಕೂ ಬಂಕಿಗೂ ಸಂಬಂಧವಿಲ್ಲ. ಒಂದು ಲೀಟರ್ ಎಥನಾಲ್‌ನಲ್ಲಿ ಇರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಶೇ. 20 ಎಥನಾಲ್ ಬೆರೆತರೆ ಗಾಡಿ, ಅದರಲ್ಲೂ ಹಳೆಯದು, ಸ್ವಲ್ಪ ಹೆಚ್ಚು ಕುಡಿಯುತ್ತದೆ. ಅದು ಎಲ್ಲ ಕಂಪನಿಗಳ ಬಂಕಿನಲ್ಲೂ ಇರುವಂಥದ್ದು.

ಈಗ ಸಣ್ಣಪುಟ್ಟ ನಂಬಿಕೆಗಳು. ಪ್ರೀಮಿಯಂ ಪೆಟ್ರೋಲಿನ ಹೆಚ್ಚಿನ ಆಕ್ಟೇನ್ ಎಂದರೆ ಹೆಚ್ಚಿನ ಶಕ್ತಿಯಲ್ಲ, ಎಂಜಿನ್ನಿನಲ್ಲಿ ನಾಕಿಂಗ್ ತಡೆಯುವ ಗುಣ. ನಿಮ್ಮ ಎಂಜಿನ್ ಅದನ್ನು ಕೇಳದಿದ್ದರೆ ಕೊಟ್ಟ ಹಣ ಕಂಪನಿಗೆ ಕಾಣಿಕೆ. ಬೆಳಗಿನ ತಂಪಿನಲ್ಲಿ ಹಾಕಿಸಿದರೆ ಜಾಸ್ತಿ ಬರುತ್ತದೆ ಎನ್ನುವವರು, ಬಂಕಿನ ಟ್ಯಾಂಕು ನೆಲದೊಳಗೆ ಹೂತಿರುತ್ತದೆ, ಅಲ್ಲಿ ಬೆಳಗಿಗೂ ಮಧ್ಯಾಹ್ನಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂಬುದನ್ನು ಮರೆಯುತ್ತಾರೆ. ಡೆನ್ಸಿಟಿ ಹೆಚ್ಚಿದ್ದರೆ ಪೆಟ್ರೋಲ್ ಶುದ್ಧ ಎನ್ನುವುದು ವಾಟ್ಸ್ಆ್ಯಪ್ ವಿಜ್ಞಾನ. 15 ಡಿಗ್ರಿಯಲ್ಲಿ ಅದು 720ರಿಂದ 775ರ ನಡುವೆ ಎಲ್ಲಿದ್ದರೂ ಸರಿ. ನೋಡಬೇಕಾದದ್ದು ಡಿಪೋದಿಂದ ಬಂದ ಚೀಟಿಯಲ್ಲಿರುವ ಅಂಕಿಗೆ ಅದು ಹೊಂದುತ್ತದೆಯೇ ಎಂದು. ವ್ಯತ್ಯಾಸ 3 ಅಂಕ ಮೀರಬಾರದು. ಇನ್ನು ನೂರರ ಬದಲು ನೂರಹತ್ತು ರೂಪಾಯಿಗೆ ಹಾಕಿಸಿ ಬಂಕಿನವನಿಗೆ ಚಳ್ಳೆಹಣ್ಣು ತಿನ್ನಿಸಿದೆ ಎಂದು ಬೀಗುವವರಿಗೆ ನಾನೇನು ಹೇಳಲಿ!

ಎಲ್ಲ ಬಂಕುಗಳೂ ಪ್ರಾಮಾಣಿಕ ಎಂದು ನಾನು ಹೇಳುತ್ತಿಲ್ಲ. ಕಲಬೆರಕೆ ನಿಜ, ಅಳತೆಯ ಮೋಸವೂ ನಿಜ. ಕೋಲಾರದ ಚಿನ್ನದ ಗಣಿ ಪ್ರದೇಶದ ಎಸ್. ಮಂಜುನಾಥ್ ಮೈಸೂರಿನ ಎಸ್‌ಜೆಸಿಇಯಲ್ಲಿ ಓದಿ ಇಂಡಿಯನ್ ಆಯಿಲ್ ಅಧಿಕಾರಿಯಾದವರು. ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆ ಬಂಕಿನ ವಿರುದ್ಧ ಕ್ರಮ ಕೈಗೊಂಡದ್ದಕ್ಕೆ 2005ರ ನವೆಂಬರ್‌ನಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಆಗ ಅಗ್ಗದ ಸೀಮೆಎಣ್ಣೆ ಬೆರೆಸಿದಷ್ಟೂ ಲಾಭವಿತ್ತು. ಮೋಸ ನಡೆಯುವುದು ಒಂದೊಂದು ಬಂಕಿನ ಅಂಗಳದಲ್ಲಿ. ಫಲಕದ ಮೇಲಿನ ಕಂಪನಿಯ ಹೆಸರು ಅದನ್ನು ತಡೆಯುವುದೂ ಇಲ್ಲ, ಹುಟ್ಟಿಸುವುದೂ ಇಲ್ಲ. ಮಳೆಗಾಲದಲ್ಲಿ ನೆಲದ ಟ್ಯಾಂಕಿಗೆ ನೀರು ಇಳಿದರೂ ಹಾಗೆಯೇ. ಎಥನಾಲ್ ಆ ನೀರನ್ನು ಎಳೆದುಕೊಂಡು ತಳಕ್ಕೆ ಕೂರುತ್ತದೆ, ಗಾಡಿ ನಡುರಸ್ತೆಯಲ್ಲಿ ನಿಲ್ಲುತ್ತದೆ.

ನನಗೆ ಸಿಟ್ಟು ಬರುವುದು ಇಲ್ಲಿ. ಅನುಮಾನ ಬಂದರೆ ಪರೀಕ್ಷಿಸುವ ದಾರಿ ಬಂಕಿನಲ್ಲೇ ಇದೆ, ಪುಕ್ಕಟೆಯಾಗಿ ಇದೆ. ಫಿಲ್ಟರ್ ಪೇಪರ್ ಕೇಳಿ ನಳಿಕೆಯಿಂದ ಒಂದು ಹನಿ ಬಿಟ್ಟರೆ ಎರಡು ನಿಮಿಷದೊಳಗೆ ಆರಬೇಕು. ತಿಳಿ ಗುಲಾಬಿ ಛಾಯೆ ಉಳಿದರೆ ಅದು ಪೆಟ್ರೋಲಿನದೇ ಬಣ್ಣ, ಕಪ್ಪು ಕಲೆ ಉಳಿದರೆ ಮಾತ್ರ ಅನುಮಾನಪಡಿ. ಅದನ್ನು ಕೇಳುವವರು ಎಷ್ಟು ಜನ? ನಾವು ಭಾವಮೈದುನನ ಮಾತು ನಂಬುತ್ತೇವೆ, ಫಾರ್ವರ್ಡ್ ಆಗಿ ಬಂದ ವಿಡಿಯೋ ನಂಬುತ್ತೇವೆ, ಕಣ್ಣೆದುರಿನ ಕಾಗದದ ಚೂರನ್ನು ಕೇಳಲು ಮಾತ್ರ ಸಂಕೋಚ.

ಮುಂದಿನ ಸಲ ಕೇಳಿ. ಅಳತೆಯ ಅನುಮಾನವಿದ್ದರೆ ಮುದ್ರೆ ಹಾಕಿದ 5 ಲೀಟರಿನ ಪಾತ್ರೆಯಲ್ಲಿ ಅಳೆದು ತೋರಿಸಲು ಹೇಳಿ. 25 ಮಿಲಿಲೀಟರಿಗಿಂತ ಹೆಚ್ಚು ಕಡಿಮೆ ಬಂದರೆ, ಅಥವಾ ಅಳೆಯಲು ಒಪ್ಪದಿದ್ದರೆ, ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಿ.