ಫೋಮ್ ತೊಟ್ಟಿಯ ನೆಲೆ

2019ರ ಫೆಬ್ರವರಿ 23ರಂದು, ಯಲಹಂಕದ ವಾಯುನೆಲೆಯಲ್ಲಿ ವೈಮಾನಿಕ ಪ್ರದರ್ಶನವು ನಡೆಯುತ್ತಿದ್ದಾಗ, ವಾಹನಗಳನ್ನು ನಿಲ್ಲಿಸಿದ್ದ ಬಯಲಿನ ಒಣಹುಲ್ಲಿಗೆ ತಗುಲಿದ ಕಿಚ್ಚು ಗಾಳಿಯ ನೆರವಿನಿಂದ ಕಾರಿನಿಂದ ಕಾರಿಗೆ ಹಬ್ಬಿ, ಸುಮಾರು 300 ಕಾರುಗಳನ್ನು ಆಹುತಿ ತೆಗೆದುಕೊಂಡುದನ್ನು ಉತ್ತರ ಬೆಂಗಳೂರಿನವರು ಮರೆತಿರಲಾರರು. ಪ್ರಾಣಹಾನಿಯಾಗಲಿಲ್ಲವೆಂಬುದೇ ಆ ದಿನದ ಭಾಗ್ಯ. ಅದು ತೆರೆದ ಬಯಲು; ಅಂಥ ಕಿಚ್ಚು ಹೆಬ್ಬಾಳದಲ್ಲಿಯೋ ಯಶವಂತಪುರದಲ್ಲಿಯೋ ಬಹುಮಹಡಿ ಕಟ್ಟಡವೊಂದರ ಬೇಸ್‌ಮೆಂಟಿನಲ್ಲಿ, ಜನರೇಟರಿನ ಡೀಸೆಲ್ ತೊಟ್ಟಿಯ ಮಗ್ಗುಲಲ್ಲಿ ಹುಟ್ಟಿದುದಾದರೆ, ರಕ್ಷಣೆಯ ಮೊದಲ ಭಾರವು ಆ ಕಟ್ಟಡದ ಅಗ್ನಿಶಾಮಕ ಪಂಪ್ ರೂಮಿನ ಮೇಲೆಯೇ ಬೀಳುವುದು.

ಎಣ್ಣೆಯ ಬೆಂಕಿಗೆ ಬರಿಯ ನೀರು ಸಾಲದು. ಎಣ್ಣೆಯು ನೀರಿಗಿಂತ ಹಗುರವಾದುದರಿಂದ ಅದರ ಮೇಲೆ ತೇಲಿ, ನೀರು ಹರಿದತ್ತ ಉರಿಯುತ್ತಲೇ ಹರಿಯುವುದು. ಆದುದರಿಂದಲೇ ಫೋಮಿನ ಅವಶ್ಯಕತೆ. ರೂಢಿಯ ಒಂದು ಪ್ರಮಾಣದಂತೆ 97 ಪಾಲು ನೀರಿಗೆ 3 ಪಾಲು ಫೋಮ್ ದ್ರವವನ್ನು ಬೆರಸಿ, ಗಾಳಿಯೊಡನೆ ಚಿಮ್ಮಿಸಿದಾಗ ಉಂಟಾಗುವ ನೊರೆಯು ಎಣ್ಣೆಯ ಮೇಲೆ ಕಂಬಳಿಯಂತೆ ಹಾಸಿಕೊಂಡು, ಆವಿಯೇಳದಂತೆಯೂ ಆಮ್ಲಜನಕ ಸೋಕದಂತೆಯೂ ತಡೆಯುವುದು. ಈ ದ್ರವವನ್ನು ಉಕ್ಕಿನ ತೊಟ್ಟಿಯೊಳಗಣ ರಬ್ಬರ್ ಚೀಲದಲ್ಲಿ ತುಂಬಿಡುವುದೊಂದು ಕ್ರಮ. ಪಂಪಿನಿಂದ ಬಂದ ನೀರಿನ ಒತ್ತಡವೇ ಚೀಲವನ್ನು ಹಿಂಡಿ ದ್ರವವನ್ನು ಹೊರದೂಡುವುದು.

ಹೀಗಿರುವಾಗ ತೊಟ್ಟಿಯನ್ನು ಪಂಪಿನ ಬಳಿಯೇ ಇರಿಸಬಹುದೆ? 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ಪಂಪ್ ರೂಮಿನ ಗೋಡೆ ಬಾಗಿಲುಗಳು 120 ನಿಮಿಷ ಬೆಂಕಿಯನ್ನು ತಡೆಯಬೇಕೆಂದೂ, ಅದು ಬೇಸ್‌ಮೆಂಟಿನಲ್ಲಿದ್ದರೆ ನೆಲಮಟ್ಟದಿಂದ ನೇರವಾದ ದಾರಿಯಿರಬೇಕೆಂದೂ, ಕಟ್ಟಡದ ಇತರ ಯಂತ್ರಸಾಮಗ್ರಿಯನ್ನು ಅಲ್ಲಿ ಇರಿಸಕೂಡದೆಂದೂ ವಿಧಿಸಿರುವುದು. ಫೋಮ್ ತೊಟ್ಟಿಯು ಸ್ವತಃ ಅಗ್ನಿಶಾಮಕ ಸಾಧನವಾದುದರಿಂದ ಈ ನಿಷೇಧದ ಆಶಯಕ್ಕೆ ಅದು ವಿರುದ್ಧವಲ್ಲವೆಂದೇ ನನ್ನ ಮತ. ಆದರೆ ಅದಕ್ಕೆ ಸಲ್ಲಬೇಕಾದ ಎಡೆಯು ಸಲ್ಲಲೇಬೇಕು: ಹರಿದ ಚೀಲವನ್ನು ಹೊರಗೆಳೆಯಲು ಸ್ಥಳ, ವಾಲ್ವುಗಳಿಗೆ ಕೈಯೆಟಕುವ ಅವಕಾಶ, ಪಂಪಿನ ಡೀಸೆಲ್ ಎಂಜಿನ್ನಿನ ಕಾವಿನಿಂದ ದೂರ. ಅನೇಕ ಫೋಮ್ ದ್ರವಗಳು ಸುಮಾರು 49 ಡಿಗ್ರಿ ಸೆಲ್ಸಿಯಸ್ ಮೀರಿದ ತಾಪದಲ್ಲಿರಿಸಲು ತಕ್ಕವಲ್ಲ. ತೊಟ್ಟಿಯ ಸುತ್ತ ಕಟ್ಟೆಯೂ ಬೇಕು. ಪ್ರಕೃತಿಯಲ್ಲಿ ಸುಲಭವಾಗಿ ವಿಘಟನೆ ಹೊಂದದ ಫ್ಲೋರಿನ್ ಸಂಯುಕ್ತಗಳುಳ್ಳ ದ್ರವವು ಸೋರಿ, ರಾಜಕಾಲುವೆ ಸೇರಿ, ನಮ್ಮ ಕೆರೆಗಳ ಪಾಲಾಗುವುದು ಬೆಂಕಿಯಷ್ಟೇ ಘೋರವಾದ ಅನಾಹುತ.

ಇದೆಲ್ಲಕ್ಕೂ ಮಿಗಿಲಾದುದು ಪಂಪ್ ರೂಮಿನದೇ ನೆಲೆ. 2005ರ ಡಿಸೆಂಬರ್ 11ರಂದು ಇಂಗ್ಲೆಂಡಿನ ಬನ್ಸ್‌ಫೀಲ್ಡ್ ತೈಲಾಗಾರದಲ್ಲಿ ತೊಟ್ಟಿಯೊಂದು ತುಂಬಿ ಹರಿದು, ಪೆಟ್ರೋಲಿನ ಆವಿ ಸುತ್ತಲೂ ಕವಿದು ಸ್ಫೋಟಿಸಿದಾಗ, ಕಿಡಿ ಹತ್ತಿದ ಸಂಭಾವ್ಯ ತಾಣಗಳಲ್ಲಿ ಅಗ್ನಿಶಾಮಕ ಪಂಪ್ ಮನೆಯೂ ಒಂದೆಂದು ತನಿಖೆಯು ಗುರುತಿಸಿತು. ಕಾಯಬೇಕಾದ ಅಪಾಯದ ಮಡಿಲಲ್ಲೇ ಕುಳಿತ ಪಂಪು ನೀರನ್ನೂ ಕೊಡದು, ನೊರೆಯನ್ನೂ ಕೊಡದು.

ಎಷ್ಟೋ ಕಡೆಗಳಲ್ಲಿ ಪಂಪ್ ರೂಮು ಬಣ್ಣದ ಡಬ್ಬಿಗಳಿಗೂ ಮುರಿದ ಕುರ್ಚಿಗಳಿಗೂ ಉಗ್ರಾಣವಾಗಿರುವುದು. ನಿಮ್ಮ ಕಟ್ಟಡದ ಸಂಘದವರು ಈ ವಾರವೇ ಒಮ್ಮೆ ಕೆಳಗಿಳಿದು, ಆ ಬಾಗಿಲನ್ನು ತೆರೆದು, ತೊಟ್ಟಿಯ ವಾಲ್ವಿನವರೆಗೆ ತಡೆಯಿಲ್ಲದೆ ನಡೆದು ನೋಡಬೇಕೆಂದು ನನ್ನ ಬಿನ್ನಹ.